ಮೂರನೇ ಸಾಲಿನ ಗಿಡ

ಹನ್ನೊಂದನೆಯ ಗಿಡದ ಎಲೆ ಕಿತ್ತು ಸೂರಮ್ಮ ಬಾಯಿಗೆ ಹಾಕಿಕೊಂಡಳು. ಅಗಿದಳು. ಕಹಿ. ಉಗಿದು ಹನ್ನೆರಡನೆಯದಕ್ಕೆ ಕೈ ಚಾಚಿದಳು. ಮುಂದಿನ ಅಂಗಳದಲ್ಲಿ ಅವಳ ಗಂಡ ಗಾದ್ರಪ್ಪನ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ತಮಟೆ ಬಡಿಯುತ್ತಿತ್ತು, ಬಂದ ಹೆಂಗಸರೆಲ್ಲ ಅಳುತ್ತಿದ್ದರು. ಅಳಬೇಕಾದವಳು ಮಾತ್ರ ಹಿತ್ತಿಲಲ್ಲಿ ಕೂತು ಸೀತಾಫಲದ ಎಲೆ ಜಗಿಯುತ್ತಿದ್ದಳು. ಆ ಎಲೆಗೆ ಮೇಕೆ ಕೂಡ ಬಾಯಿ ಹಾಕುವುದಿಲ್ಲವೆಂದು ಸಿದ್ದಾಪುರದ ಹಾಲುಗೂಸಿಗೂ ಗೊತ್ತು. ಅದಕ್ಕೇ ಊರಲ್ಲಿ ಯಾರೂ ಸೀತಾಫಲಕ್ಕೆ ಬೇಲಿ ಕಟ್ಟುವುದಿಲ್ಲ.

ತಪ್ಪು ಯಾರದೂ ಅಲ್ಲ. ಬೆಳಿಗ್ಗೆ ಪಕ್ಕದ ಮನೆಯ ಜಯಣ್ಣ ಶಾಮಿಯಾನಕ್ಕೆ ಜಾಗ ಬೇಕೆಂದು ಅಂಗಳದಲ್ಲಿದ್ದ ನಲವತ್ತು ಸಸಿಗಳ ಪ್ಲಾಸ್ಟಿಕ್ ಚೀಲಗಳನ್ನು ಎತ್ತಿ ತಂದು ಹಿತ್ತಿಲಲ್ಲಿ ಗುಡ್ಡೆ ಹಾಕಿದ್ದ. ಪಾಪ, ಬೆವರು ಸುರಿಸಿ ಮಾಡಿದ ಉಪಕಾರ. ಓದು ಬರಹ ಬಾರದ ಗಾದ್ರಪ್ಪ ಚೀಟಿ ಅಂಟಿಸಿದವನಲ್ಲ. ಯಾವ ಗಿಡ ಯಾವ ಸಾಲಿನಲ್ಲಿದೆಯೋ ಅದೇ ಅದರ ಜಾತಿ. ಮೂರು ಸಾಲೂ ಈಗ ಕಲಸಿಹೋಗಿದ್ದವು.

"ಗಿಡ ಗಿಡಾನೇ ಅಲ್ವೇನವ್ವ? ಯಾವುದಾದ್ರೂ ಒಂದು ನೆಟ್ರಾಯ್ತು," ಎಂದ ಜಯಣ್ಣ. ಅವಳು ಮುಂದಿನ ಚೀಲ ಹತ್ತಿರಕ್ಕೆ ಎಳೆದುಕೊಂಡಳು.

*

ಗಾದ್ರಪ್ಪ ಚಳ್ಳಕೆರೆಯಾಚೆಯ ಹಣ್ಣಿನ ತೋಟವೊಂದರಲ್ಲಿ ಹದಿನೆಂಟು ವರ್ಷ ದಿನಗೂಲಿ ಮಾಡಿದವನು. ಹೂವಿನ ಪುಡಿಯನ್ನು ಕುಂಚದಲ್ಲಿ ತೆಗೆದು ಇನ್ನೊಂದು ಹೂವಿಗೆ ಸವರಿ ಹೊಸ ತಳಿ ಮಾಡುವುದನ್ನು ಅಲ್ಲಿಯೇ ನೋಡಿ ಕಲಿತ. ಆಮೇಲೆ ಹುಚ್ಚು ಹತ್ತಿತು. ತೋಟದ ಪರದೇಶಿ ಸೀತಾಫಲದ ಪುಡಿಯನ್ನು ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಬಂದು, ಬಂಡೆಗುಡ್ಡದ ಕಾಡು ಸೀತಾಫಲದ ಹೂವಿಗೆ ಸವರುತ್ತಿದ್ದ. ಗಿಡಗಳಿಗೆ ಮದುವೆ ಮಾಡಿಸುವ ಪುರೋಹಿತ ಎಂದು ಊರು ನಗುತ್ತಿತ್ತು.

ಹುಟ್ಟಿದ ಸಸಿಗಳನ್ನು ಅವನೇ ವಿಂಗಡಿಸಿದ. ತಾಯಿಯನ್ನು ಹೋಲುವವು ಒಂದು ಸಾಲು, ತಂದೆಯನ್ನು ಹೋಲುವವು ಇನ್ನೊಂದು. ಮೂರನೆಯ ಸಾಲಿಗೆ ಸಿಕ್ಕಿದ್ದು ಒಂದೇ ಗಿಡ.

"ಇದು ಇಬ್ರನ್ನೂ ಹೋಲ್ತೈತೆ ಕಣೇ," ಎಂದು ಅವತ್ತು ಎಲೆಯ ತುದಿ ಕಚ್ಚಿ ಕಣ್ಣು ಮುಚ್ಚಿದ್ದ.

ಹೇಗೆ ಗೊತ್ತು ಎಂದರೆ, ಎಲೆಯ ರುಚಿಯೇ ಬೇರೆ ಎಂದು ನಾಲಿಗೆ ಚಾಚಿ ತೋರಿಸಿದ. ಸೂರಮ್ಮನಿಗೆ ರೇಗಿತು. ಮಕ್ಕಳಿಲ್ಲದ ಮನೆಗೆ ಮರ ಯಾತಕ್ಕೆ, ಯಾರು ತಿನ್ನೋಕೆ ಎಂದುಬಿಟ್ಟಳು. ಅವನು ಆ ಗಿಡಕ್ಕೆ ನೀರು ಹಾಕಿದ. ಆಡಿದ ಆ ಮಾತು ಇವತ್ತು ಅವಳ ಎದೆಯಲ್ಲಿ ಮುರಿದ ಮುಳ್ಳಾಗಿತ್ತು.

ನಿನ್ನೆ ರಾತ್ರಿ ಕಡೆಯುಸಿರು ಎಳೆಯುವಾಗ ಅವಳ ಕೈ ಹಿಡಿದಿದ್ದ. "ಮೂರನೇ ಸಾಲಿಂದು ನನ್ ತಲೆದೆಸೆಗೆ ನೆಡು ಸೂರಿ. ನಾನು ಬದುಕಿದ್ದೆ ಅನ್ನೋಕೆ ಅದೊಂದೇ ಗುರುತು."

*

ಹೊತ್ತು ವಾಲಿತು. ಮುಳುಗುವ ಮೊದಲು ಮಣ್ಣು ಮಾಡಬೇಕು. ಗಾದ್ರಪ್ಪನ ಅಣ್ಣ ದೊಡ್ಡೀರಪ್ಪ ಎರಡು ಸಲ ಬಂದು ಕರೆದ. ಇಪ್ಪತ್ತನೆಯ ಎಲೆಯ ಹೊತ್ತಿಗೆ ಅವಳ ನಾಲಿಗೆ ಜಡ್ಡುಗಟ್ಟಿತ್ತು. ಯಾವ ಎಲೆ ಅಗಿದರೂ ಒಂದೇ. ಎಲ್ಲ ಗಿಡವೂ ಒಂದೇ ಹಸಿರು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿ, ಅವನು ನೋಡುತ್ತಿದ್ದುದನ್ನು ಒಂದು ದಿನವಾದರೂ ನೋಡಲಿಲ್ಲವಲ್ಲ ಎಂದು ಅವಳಿಗೆ ಆಗ ದುಃಖ ಒತ್ತಿ ಬಂತು.

"ಗೊತ್ತಾಗ್ತಿಲ್ಲ ಬಾವ," ಎಂದು ಹಣೆ ಚಚ್ಚಿಕೊಂಡಳು. ದೊಡ್ಡೀರಪ್ಪ ತೋಳು ಹಿಡಿದು ಎಬ್ಬಿಸಿ, ಕಡೆಯ ನೀರು ಬಿಡಿಸಲು ಅಂಗಳಕ್ಕೆ ಕರೆದೊಯ್ದ.

ಅವಳು ಗಂಡನ ಬಾಯಿಗೆ ನೀರು ಬಿಡುತ್ತಿದ್ದಾಗಲೇ ಹಿತ್ತಿಲಲ್ಲಿ ಗದ್ದಲವಾಯಿತು. ಸಾವಿನ ಗಡಿಬಿಡಿಯಲ್ಲಿ ದೊಡ್ಡೀರಪ್ಪನ ಮೇಕೆಗಳನ್ನು ಆ ದಿನ ಯಾರೂ ಮೇಯಲು ಹೊಡೆದಿರಲಿಲ್ಲ. ಹಸಿದು ಹಸಿದು ರೊಪ್ಪದ ತಡಿಕೆ ಬಾಗಿಲು ತಳ್ಳಿಕೊಂಡು ನುಗ್ಗಿದ್ದವು. ಸೂರಮ್ಮ ಚೊಂಬು ಬಿಸಾಕಿ ಓಡಿದಳು.

ಮೇಕೆಗಳು ಸಸಿಗಳನ್ನು ಮೂಸಿ ಮೂಸಿ ಮುಂದೆ ಹೋಗುತ್ತಿದ್ದವು. ಮೂವತ್ತೊಂಬತ್ತು ಗಿಡಗಳಲ್ಲಿ ಅವಳು ಕಿತ್ತ ಎಲೆ ಬಿಟ್ಟರೆ ಬೇರೇನೂ ಹೋಗಿರಲಿಲ್ಲ. ಮೂಲೆಯಲ್ಲಿದ್ದ ಒಂದೇ ಒಂದರ ಸುತ್ತ ನಾಲ್ಕು ಮೇಕೆ ಮುತ್ತಿದ್ದವು. ಅವಳು ಹೋಗುವಷ್ಟರಲ್ಲಿ ಚೀಲದಲ್ಲಿ ಮೊಳದುದ್ದದ ಕಡ್ಡಿ ಉಳಿದಿತ್ತು. ಒಂದು ಮೇಕೆಯ ಬಾಯಲ್ಲಿ ಅರ್ಧ ಎಲೆ ನೇತಾಡುತ್ತಿತ್ತು. ಸೂರಮ್ಮ ಅದನ್ನು ಕಸಿದು ತನ್ನ ಬಾಯಿಗಿಟ್ಟುಕೊಂಡಳು. ಸತ್ತ ನಾಲಿಗೆಗೆ ಏನೂ ತಿಳಿಯಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ.

"ಅದು ಬರೀ ಕಡ್ಡಿ ಕಣವ್ವ," ಎಂದ ಜಯಣ್ಣ. "ಹಸ್ರಾಗಿರೋದು ಒಂದು ತಗಾ."

"ಇದೇ," ಎಂದಳು ಸೂರಮ್ಮ. ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಹೆಣದ ಹಿಂದೆ ನಡೆದಳು. ದುಃಖಕ್ಕೆ ತಲೆ ಕೆಟ್ಟಿದೆ ಎಂದು ಹೆಂಗಸರು ಪಿಸುಗುಟ್ಟಿದರು.

ಗುಡ್ಡದ ಬುಡದಲ್ಲಿ ಗುಂಡಿ ಮುಚ್ಚಿದರು. ನರಿ ನಾಯಿ ಕೆದರದಂತೆ ಮೇಲೆ ಜಾಲಿಮುಳ್ಳಿನ ಕೊಂಬೆಗಳನ್ನು ಹೇರಿದರು. ತಲೆದೆಸೆಯಲ್ಲಿ ಸೂರಮ್ಮ ಕಡ್ಡಿ ನೆಟ್ಟು ನೀರು ಹಾಕಿದಳು. ಇಳಿಜಾರಿನಲ್ಲಿ ಯಾರದೋ ಮೇಕೆ ಹಿಂಡು ಊರ ಕಡೆ ತಿರುಗಿತ್ತು. ಕೊರಳಗಂಟೆ ಹತ್ತಿರವಾಗುತ್ತಿತ್ತು. ಅವಳು ತಲೆಯೆತ್ತಿ ಕೇಳಿಸಿಕೊಂಡಳು. ಆಮೇಲೆ ಗೋರಿಯ ಮೇಲಿನ ಮುಳ್ಳಿಗೆ ಕೈ ಹಾಕಿದಳು.

"ಅದು ಅವನ ಕಾವಲಿಗೆ ಹಾಕಿದ್ದು. ತೆಗೀಬ್ಯಾಡ ಕಣವ್ವ," ಎಂದ ದೊಡ್ಡೀರಪ್ಪ.

ಅವಳು ಒಂದೊಂದೇ ಕೊಂಬೆಯನ್ನು ಎಳೆದು ತಂದು ಕಡ್ಡಿಯ ಸುತ್ತ ಒತ್ತೊತ್ತಾಗಿ ನಿಲ್ಲಿಸಿದಳು. ಅಂಗೈಯಿಂದ ರಕ್ತ ಇಳಿಯುತ್ತಿತ್ತು. ಗಾದ್ರಪ್ಪನ ಮೇಲೆ ಬರೀ ಮಣ್ಣು ಉಳಿಯಿತು.