ಸಮ್ಮೇಳನಕ್ಕೆ ಹೋದ ಅತ್ತೆ-ಸೊಸೆ

ಸೊಸೆ ಸಮ್ಮೇಳನಕ್ಕೆ ಹೊರಟಾಗ ಅತ್ತೆಯೂ ಹೊರಡಬೇಕಾಯಿತು. ಮೊಮ್ಮಗಳು ಇನ್ನೂ ಹಾಲು ಕುಡಿಯುವ ಕೂಸು. ಮಗನಿಗೆ ರಜೆ ಸಿಗಲಿಲ್ಲ. "ಎರಡು ದಿನ ತಾನೆ, ನಾನೇ ಬರ್ತೀನಿ ಬಿಡು" ಎಂದು ಹೊರಟರೂ ಅತ್ತೆಗೆ ಒಳಗೊಳಗೇ ಮುನಿಸು. ಸೊಸೆಯ ಕೆಲಸ ಏನೆಂಬುದೇ ಅವರ ತಲೆಗೆ ಹತ್ತಿರಲಿಲ್ಲ. ಪಾಠ ಮಾಡುವವಳಲ್ಲ, ಶಾಲೆಗಳಿಗೆ ಬರುವ ಹೊಸ ಹೊಸ ಯೋಜನೆಗಳಿಂದ ಮಕ್ಕಳಿಗೆ ನಿಜಕ್ಕೂ ಉಪಯೋಗವಾಯಿತೇ ಎಂದು ಅಳೆದು ನೋಡುವವಳಂತೆ. ಅದಕ್ಕಾಗಿ ಬಸುರಿಯಾಗಿದ್ದಾಗಲೂ ಊರೆಲ್ಲ ಸುತ್ತಿ, ಕಾಲು ಬಾತುಕೊಂಡು ಮನೆಗೆ ಬರುತ್ತಿದ್ದಳು. "ಯಾರ ಉದ್ಧಾರಕ್ಕೋ!" ಎಂದು ಅತ್ತೆ ಗೊಣಗಿದ್ದುಂಟು.

ಸಭಾಂಗಣದಲ್ಲಿ ಮೈ ನಡುಗಿಸುವ ಎ.ಸಿ. ಯಾರೋ ಕುತ್ತಿಗೆಗೆ 'ಅತಿಥಿ' ಎಂಬ ಕಾರ್ಡು ತೂಗುಹಾಕಿದರು. ಮಗುವಿಗೆ ಸೆರಗು ಹೊದಿಸಿಕೊಂಡು ಅತ್ತೆ ಬಾಗಿಲ ಪಕ್ಕದ ಕೊನೆಯ ಸಾಲಿನಲ್ಲಿ ಕೂತರು.

ಸೊಸೆ ವೇದಿಕೆ ಹತ್ತಿ ಮೈಕು ತಗ್ಗಿಸಿಕೊಂಡಳು.

"ಓದು ಕಲಿಸೋ ಈ ಯೋಜನೆ ಗೆದ್ದಿದೆ ಅಂತ ಹಿಂದಿನ ವರದಿ ಹೇಳುತ್ತೆ. ಆದರೆ ಕೊನೇ ಪರೀಕ್ಷೆಗೆ ಕೂತಿದ್ದು ಶಾಲೆಯಲ್ಲಿ ಉಳಿದ ಮಕ್ಕಳು ಮಾತ್ರ. ಮಧ್ಯದಲ್ಲೇ ಬಿಟ್ಟುಹೋದವರನ್ನ ಯಾರೂ ಕೇಳಲಿಲ್ಲ. ನಾನು ಅವರ ಮನೆಗಳನ್ನ ಹುಡುಕಿಕೊಂಡು ಹೋಗಿ, ಅವರಿಂದಲೂ ಓದಿಸಿದೆ. ಅವರನ್ನೂ ಸೇರಿಸಿದರೆ ಆ ಗೆಲುವು ಅರ್ಧದಷ್ಟೂ ಉಳಿಯಲ್ಲ."

ಊರೆಲ್ಲ ಸುತ್ತಿದ್ದು ಇದಕ್ಕೋ! ಅತ್ತೆ ನೆಟ್ಟಗೆ ಕೂತರು.

ಮುಂದಿನ ಸಾಲಿನಿಂದ ನರೆಗೂದಲ ಪ್ರೊಫೆಸರೊಬ್ಬರು ಎದ್ದರು. ಆ ಹಿಂದಿನ ವರದಿ ಬರೆದವರು ಅವರೇ.

"ಬಿಟ್ಟುಹೋದವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಯಾವ ಯೋಜನೆ ತಾನೆ ಗೆಲ್ಲುತ್ತಮ್ಮ?"

ಅಲ್ಲಲ್ಲಿ ನಗು ಎದ್ದಿತು. ಅತ್ತೆ ಕತ್ತು ಚಾಚಿ ಸೊಸೆಯತ್ತ ನೋಡಿದರು. ಸೊಸೆ ಒಂದು ಗುಟುಕು ನೀರು ಕುಡಿದಳು.

"ಗೆಲ್ಲಿಸೋಕೆ ಅಂತ ನಾನು ಅಳೆಯೋಕೆ ಹೋಗಿಲ್ಲ ಸರ್. ಓದೋಕೆ ತಡವರಿಸ್ತಿದ್ದ ಮಕ್ಕಳೇ ಮೊದಲು ಬಿಟ್ಟಿದ್ದು. ಯೋಜನೆ ಶುರುವಾಗಿದ್ದೇ ಅಂಥವರಿಗೋಸ್ಕರ ಅಲ್ವಾ?"

ನಗು ನಿಂತಿತು. ಪ್ರೊಫೆಸರ್ ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡರು.

"ಹೌದು. ನಾವು ಅದನ್ನ ನೋಡಲೇ ಇಲ್ಲ. ನಿಮ್ಮ ಅಂಕಿ-ಅಂಶ ಕಳಿಸಿಕೊಡಿ, ನನ್ನ ವರದಿ ತಿದ್ದಬೇಕು" ಎಂದು ಅವರೇ ಮೊದಲು ಚಪ್ಪಾಳೆ ತಟ್ಟಿದರು.

ಸಭಾಂಗಣವೆಲ್ಲ ಚಪ್ಪಾಳೆಯಾಯಿತು. ಮಗು ಬೆಚ್ಚಿಬಿದ್ದು ಕಿಟಾರನೆ ಕಿರುಚಿಕೊಂಡಿತು. ಅತ್ತೆ ಒಲ್ಲದ ಮನಸ್ಸಿನಿಂದ ಎತ್ತಿಕೊಂಡು ಹೊರಗೆ ಬಂದರು. "ಸುಮ್ನಿರೇ ಚಿನ್ನಾ, ಅದು ನಿಮ್ಮಮ್ಮನಿಗೇ ಕಣೇ!"

ಚಹಾದ ಮೇಜಿನ ಬಳಿ ಒಬ್ಬಾಕೆ ಕೇಳಿದಳು: "ನೀವೂ ಸಂಶೋಧಕರಾ ಅಮ್ಮ?"

"ಅಯ್ಯೋ, ಇಲ್ಲಮ್ಮ. ಈಗ ಮಾತಾಡಿದಳಲ್ಲ, ಅವಳು ನಮ್ಮ ಸೊಸೆ."

ಆಮೇಲೆ ಚಹಾಕ್ಕೆ ಬಂದ ಇನ್ನಿಬ್ಬರಿಗೆ, ಅವರು ಕೇಳದಿದ್ದರೂ, ಅದನ್ನೇ ಹೇಳಿದರು.

ಸುತ್ತುವರಿದವರಿಂದ ಬಿಡಿಸಿಕೊಂಡು ಸೊಸೆ ಓಡೋಡಿ ಬಂದಳು. ಮುಖ ಬೆವರಿತ್ತು, ಕಣ್ಣು ಹೊಳೆಯುತ್ತಿತ್ತು.

"ಹೆದರಿಬಿಟ್ಟಿದ್ದೆ ಅತ್ತೆ. ಕಾಣಿಸ್ತಾ?"

"ನನಗಂತೂ ಕಾಣಲಿಲ್ಲ. ಬಾ, ಮೊದಲು ಇವಳಿಗೆ ಹಾಲು ಕೊಡು."

ಮೂಲೆಯ ಕುರ್ಚಿಯಲ್ಲಿ ಅವಳನ್ನು ಕೂರಿಸಿ, ಚಹಾ ತಂದಿಟ್ಟು, ಅತ್ತೆ ತಾವೂ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡರು.

"ಈಗ ಹೇಳು. ಆ ಮಕ್ಕಳೆಲ್ಲ ಎಲ್ಲಿದ್ದಾರೆ? ಏನು ಮಾಡ್ತಿದ್ದಾರೆ?"