ರಾಜಕುಮಾರಿ ಯಾಕೆ ಅತ್ತಳು

ಹಿಪ್ಪುನೇರಳೆ ಸೊಪ್ಪಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮಾತೇ ಬಾರದ ರಾಜಕುಮಾರಿ ಒಬ್ಬಳಿದ್ದಳಂತೆ. ಅವಳ ಅಳುವಿನಿಂದ ಅರಮನೆಯವರೆಲ್ಲ ನಿದ್ದೆಗೆಟ್ಟಾಗ ಮಂತ್ರವಾದಿ ಬಂದು ಅವಳನ್ನೇ ಮಲಗಿಸಿಬಿಟ್ಟನಂತೆ.

"ಆಮೇಲೆ?" ಅಂದರೆ ಕತೆ ಹೇಳುತ್ತಿದ್ದ ಸರಸಮ್ಮಜ್ಜಿ, ಅಪ್ಪನ ಅವ್ವ, ನಮ್ಮ ರೇಷ್ಮೆಹುಳದ ಮನೆಯ ಮೂಲೆ ನೋಡುತ್ತಿದ್ದಳು. ಅಲ್ಲಿ ಅಪ್ಪನ ತಂಗಿ ಮಮತತ್ತೆ ಜೊಲ್ಲು ಸುರಿಸಿಕೊಂಡು ತೂಕಡಿಸುತ್ತಿದ್ದಳು.

ಅತ್ತೆಗೆ ನಲವತ್ತು, ಮಾತು ಬಾರದು; ಬುದ್ಧಿ ಬೆಳೆದಿಲ್ಲ ಅನ್ನುತ್ತಿದ್ದರು. ಆದರೆ ಹಣ್ಣಾದ ರೇಷ್ಮೆಹುಳವನ್ನು ಅವಳಷ್ಟು ಚೆನ್ನಾಗಿ ಆರಿಸುವವರು ದೊಡ್ಡಆಲಹಳ್ಳಿಯಲ್ಲೇ ಇರಲಿಲ್ಲ. ಬೆಳಕಿಗೆ ಹಿಡಿದು, ನಕ್ಕು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ತಟ್ಟೆಗೆ ಬಿಡುತ್ತಿದ್ದಳು. ಆರು ವರ್ಷದ ಹಿಂದೆ ಇದ್ದಕ್ಕಿದ್ದಂತೆ ಕೆನ್ನೆ ಬಡಿದುಕೊಂಡು ಕೂಗತೊಡಗಿದಳು. ಡಾಕ್ಟರು ಮಾತ್ರೆ ಬರೆದರು. ಮತ್ತೆ ಕೂಗಿದಳು, ಇನ್ನೊಂದು ಸೇರಿತು. ಆಮೇಲೆ ಕೂಗಲಿಲ್ಲ. ಕೈ ನಡುಗಿತು, ಹುಳ ಬೆರಳಿಂದ ಜಾರಿ ನೆಲಕ್ಕೆ ಬೀಳುತ್ತಿದ್ದವು. ಹಳೇ ಚೀಟಿ ತೋರಿಸಿ ಅಪ್ಪ ಅದೇ ಮಾತ್ರೆ ತರುತ್ತಲೇ ಇದ್ದ.

ಸಾಯುವ ಮುಂಚೆ ಅಜ್ಜಿ ನನ್ನ ಕೈ ಹಿಡಿದಿದ್ದಳು. "ಪ್ರತಿಮಾ, ಅವಳು ಯಾಕತ್ಲು ಅಂತ ನಾವ್ಯಾರೂ ಕೇಳ್ನಿಲ್ಲ ಕಣವ್ವ. ನೀನು ಕೇಳು. ನಂಗೆ ಬಂದು ಹೇಳು."

ಆಗಲಿ ಅಂದೆ. ತಿಥಿ ಮುಗಿದ ಮೇಲೆ ಅಪ್ಪನ ಹತ್ತಿರ ಮಾತೆತ್ತಿದೆ.

"ಸುಮ್ಕಿರಮ್ಮಿ. ಈಗ ತಣ್ಣಗವಳೆ. ಮತ್ತೆ ಕೂಗಾಡುದ್ರೆ ಹುಳ ಬುಟ್ಟು ಇವಳ ಹಿಂದೆ ಓಡಕಾಯ್ತದಾ?"

"ತಣ್ಣಗಲ್ಲಪ್ಪ, ಮಂಕಾಗವಳೆ."

"ಓಹೋ, ಡಾಕ್ಟ್ರಾಗ್ಬುಟ್ಲು ನಮ್ಮವ್ವ!"

ಆದರೂ ಸೋಮವಾರ ತಂಗಿಯ ತಲೆ ತಾನೇ ಬಾಚಿ, ನಮ್ಮ ಜೊತೆ ಬಸ್ಸು ಹತ್ತಿದ.

ರಾಮನಗರದ ಡಾಕ್ಟರಮ್ಮ ತಾಹೇರಾ ನಡೆದದ್ದನ್ನು ನನ್ನಿಂದ ಕೇಳಿಕೊಂಡು, ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡರು. "ಯಾವ ಕಾಯಿಲೆಗೆ ಅಂತ ಎಲ್ಲೂ ಬರೆದಿಲ್ಲವಲ್ಲ? ಆಗ ಯಾವ ಕೆನ್ನೆ ಬಡ್ಕೋತಿದ್ರು?"

"ಎಡಗಡೇದು," ಅಂದ ಅಪ್ಪ. "ಯಾವಾಗ್ಲೂ ಎಡಗಡೇದೇ."

ಅವರು ಅತ್ತೆಯನ್ನೇ ಕೇಳಿದರು: "ಮಮತಾ, ಬಾಯಿ ನೋಡ್ಲಾ?"

ಟಾರ್ಚ್ ಬೆಳಕಿನಲ್ಲಿ ಕಂಡಿತು: ಎಡಗಡೆಯ ಎರಡು ದವಡೆಹಲ್ಲು ಬುಡದ ತನಕ ಕೊಳೆತಿದ್ದವು. ಅಪ್ಪ ಗೋಡೆ ಕಡೆ ತಿರುಗಿ ನಿಂತ.

ಹಲ್ಲು ಕೀಳಿಸಿದೆವು. ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಅಪಾಯ ಅಂದ ಡಾಕ್ಟರಮ್ಮ, ತಿಂಗಳಿಗೊಮ್ಮೆ ಕರೆಸಿ ನೋಡಿ, ಒಸಿ ಒಸಿಯಾಗಿ ಇಳಿಸಿದರು. ಹನ್ನೊಂದು ತಿಂಗಳು ಹಿಡಿಯಿತು. ಮೊನ್ನೆ ಕೊನೆಯದೂ ನಿಂತಿತು. ಅತ್ತೆ ಎಚ್ಚರವಾಗಿದ್ದಾಳೆ. ನಾಲಿಗೆ ಮಾತ್ರ ತನ್ನಷ್ಟಕ್ಕೆ ಹೊರಳುತ್ತಿರುತ್ತದೆ. ಅಷ್ಟು ವರ್ಷ ನುಂಗಿದ ಮಾತ್ರೆಯಿಂದ ಬಂದದ್ದು, ಇನ್ನು ಹೋಗದೆಯೂ ಇರಬಹುದಂತೆ.

ಇವತ್ತು ಅವಳನ್ನು ಕರೆದುಕೊಂಡು ಸೊಪ್ಪಿನ ತೋಟದ ಅಂಚಿಗೆ, ಅಜ್ಜಿಯನ್ನು ಮಣ್ಣು ಮಾಡಿದ ಜಾಗಕ್ಕೆ ಹೋದೆ. ಅತ್ತೆ ಮುಷ್ಟಿಯಲ್ಲಿ ಒಂದು ಹಣ್ಣಾದ ಹುಳ ತಂದಿದ್ದಳು. ಅದನ್ನು ಬಿಸಿಲಿಗೆ ಹಿಡಿದು ನೋಡುತ್ತ ನಿಂತಳು. ನಾನು ಮಣ್ಣಿನ ಹತ್ತಿರ ಬಾಗಿದೆ.

"ಹಲ್ಲುನೋವು ಕಣಜ್ಜಿ," ಅಂದೆ. "ಅಷ್ಟೇಯ. ಹಲ್ಲುನೋವು."