ತೀರ್ಥ ಕುಡಿದ ಡ್ರಮ್ಮು

ಕೊಗ್ಗನ ಕೆಮ್ಮಿಗೆ ವಾರದ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಶುಕ್ರವಾರ ಅವನಿಗೆ ರಜೆ, ಅದಕ್ಕೂ ರಜೆ. ಶನಿವಾರ ಮಸ್ಕತ್ತಿನ ವಾದಿ ಕಬೀರ್ ಬಡಾವಣೆಯ ಫೋಮ್ ವರ್ಕ್‌ಶಾಪಿಗೆ ಕಾಲಿಟ್ಟನೋ, ಎದೆಯೊಳಗೆ ಸಿಳ್ಳೆ ಶುರು. ಐಸೋಸಯನೇಟ್ ಎಂಬ ಕಂದು ದ್ರವಕ್ಕೆ ಇನ್ನೊಂದು ದ್ರವ ಬೆರೆಸಿದರೆ ನೊರೆಯಾಗಿ ಉಬ್ಬಿ, ಕೋಲ್ಡ್ ಸ್ಟೋರೇಜಿನ ಗೋಡೆಗೆ ತುಂಬುವ ಫೋಮ್ ಆಗುತ್ತದೆ. ಬೆರೆಸುವವನು ಕೊಗ್ಗ. ಮೂಗಿಗೆ ಹೆಗಲ ಮೇಲಿನ ಬೈರಾಸು ಕಟ್ಟಿಕೊಳ್ಳುತ್ತಿದ್ದ, ಅಷ್ಟೆ.

"ಆ ಕಂದು ಡ್ರಮ್ಮೇ ನಿಮ್ಮ ಉಸಿರು ತಿನ್ನುದು," ಎನ್ನುತ್ತಿದ್ದಳು ಹೆಂಡತಿ ಹರಿಣಾಕ್ಷಿ. ಮಾತು ಸತ್ಯವೇ. ಮದ್ದು ಮಾತ್ರ ತಪ್ಪಿತು.

ವರ್ಕ್‌ಶಾಪಿನ ಆಯುಧಪೂಜೆಯನ್ನು ರಜೆಯ ಶುಕ್ರವಾರಕ್ಕೇ ಇಟ್ಟುಕೊಂಡಿದ್ದರು. ಗಂಡ ಹೊರಗೆ ಪಿಕಪ್ಪಿಗೆ ಕಾಯಿ ಒಡೆಯುವಾಗ ಹರಿಣಾಕ್ಷಿ ಆ ಡ್ರಮ್ಮಿನ ಸಡಿಲ ಮುಚ್ಚಳ ತಿರುಗಿಸಿ, ಕಲಶದ ನೀರನ್ನೆಲ್ಲ ಒಳಗೆ ಸುರಿದಳು. "ಶಾಂತವಾಗು ಮಾರಾಯ, ಅವರನ್ನು ಬಿಡು," ಎಂದು ಕೈಮುಗಿದಳು. ನೀರು ತಾಗಿಸಬಾರದೆಂದು ಡ್ರಮ್ಮಿನ ಮೇಲೆ ಕೆಂಪಕ್ಷರದಲ್ಲಿ ಬರೆದಿತ್ತಂತೆ, ಇಂಗ್ಲಿಷಿನಲ್ಲೂ ಅರಬ್ಬಿಯಲ್ಲೂ. ಕನ್ನಡದಲ್ಲೂ ಬರೆದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತೋ! ಸಂಜೆ ಕೊಗ್ಗನೇ ಎಲ್ಲ ಡ್ರಮ್ಮುಗಳ ಮುಚ್ಚಳ ಬಿಗಿದು ಮನೆಗೆ ಬಂದ.

ಮರುದಿನ ಮಧ್ಯಾಹ್ನ ಅವನ ಫೋನು.

"ನಿನ್ನ ಪೂಜೆಯ ಫಲ ಕೇಳು ಮಾರಾಯ್ತಿ! ಕಂದು ಡ್ರಮ್ಮು ಬಸುರಿ! ಹೊಟ್ಟೆ ಇಷ್ಟು ಮುಂದೆ ಬಂದಿದೆ." ನಕ್ಕ, ಕೆಮ್ಮಿದ.

"ಅಯ್ಯೋ, ಯಾಕೆ?"

"ಚೂರು ತೇವ ಹೋಗಿರ್ಬೇಕು. ನೀರು ಕಂಡ್ರೆ ಅದಕ್ಕಾಗುದಿಲ್ಲ, ಒಳಗೇ ಗ್ಯಾಸ್ ಮಾಡ್ತದೆ. ನಮ್ಮ ಹೆಲ್ಪರ್ ಉಮ್ಮರ್ ಸ್ಪಾನರ್ ತಂದಿದ್ದಾನೆ. ಮುಚ್ಚಳ ಬಿಚ್ಚಿದ್ರೆ ಖಲಾಸ್."

ಹರಿಣಾಕ್ಷಿ ದೇವರ ಮೂಲೆಯ ಖಾಲಿ ಕಲಶದತ್ತ ನೋಡಿದಳು.

"ಚೂರಲ್ಲ," ಎಂದಳು. "ಕಲಶದ ನೀರು ಅಷ್ಟೂ ನಾನೇ ಅದಕ್ಕೆ ಹೊಯ್ದೆ."

ನಗು ನಿಂತಿತು. "ಅಷ್ಟೂ?" ಎಂದವನೇ ಕಿರುಚಿದ. "ಉಮ್ಮರ್! ಬಿಡು ಅದನ್ನು! ಓಡು!"

ರಿಸೀವರು ಮೇಜಿಗೆ ಬಡಿಯಿತು. ಚಪ್ಪಲಿಯ ಸದ್ದು ದೂರವಾಯಿತು. ಉಮ್ಮರ್‌ಗೆ ಕಿವಿ ಮಂದವೆಂದು ಅವಳಿಗೂ ಗೊತ್ತು. ಗಂಡ ಓಡಿದ್ದು ಡ್ರಮ್ಮಿನ ಕಡೆಗೇ.

ಧಡ್ ಎಂದಿತು. ಆಮೇಲೆ ಬುಸ್ಸೆನ್ನುವ ಸದ್ದು, ತಗಡು ಉರುಳಿದ ಸದ್ದು. ಮತ್ತೇನೂ ಇಲ್ಲ.

ಆ ಕೆಮ್ಮು ನಿಲ್ಲಲೆಂದು ಹರಕೆ ಹೊತ್ತವಳೇ ಈಗ ರಿಸೀವರನ್ನು ಕಿವಿಗೆ ಒತ್ತಿಕೊಂಡು ಅದಕ್ಕಾಗಿ ಕಾದಳು.

"ಕೆಮ್ಮಿ ಮಾರಾಯ್ರೆ, ಒಂದೇ ಸಲ ಕೆಮ್ಮಿ," ಎಂದು ಅಳುತ್ತ ಬೇಡಿದಳು.

ಕೆಮ್ಮು ನಿಂತಿತ್ತು.